ಪೇಟಿ ಮಾಸ್ತರ

ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ, ಜಾತ್ರೆಗೆಂದು ಹಳ್ಳಿಗರೇ ಆಡುವ ನಾಟಕಗಳಲ್ಲಿ, ಸಣ್ಣಾಟ ದೊಡ್ಡಾಟಗಳ ಹಿಮ್ಮೇಳದಲ್ಲಿ ಹಾರ್ಮೋನಿಯಂ ಬಾರಿಸುತ್ತ ಇಡೀ ಆಟದ ಸಂಗೀತವನ್ನು ನಡೆಸುವವನು ಪೇಟಿ ಮಾಸ್ತರ. ಹಾರ್ಮೋನಿಯಂಗೆ ಈ ಸೀಮೆಯ ಮಾತು ಪೇಟಿ. ಕಾಲಿನಿಂದ ತಿದಿಯೊತ್ತಿ ಎರಡೂ ಕೈಯಲ್ಲಿ ಬಾರಿಸುವ ದೊಡ್ಡ ವಾದ್ಯಕ್ಕೆ ಕಾಲುಪೇಟಿ ಅಥವಾ ಲೆಗ್ ಹಾರ್ಮೋನಿಯಂ. ಮಾಸ್ತರ ಎಂದದ್ದು ಬರಿ ಮರ್ಯಾದೆಗಲ್ಲ. ಆಟಕ್ಕೆ ಒಂದೆರಡು ತಿಂಗಳು ಮೊದಲೇ ಬಂದು ಪಾತ್ರಧಾರಿಗಳ ಗಂಟಲು ಹದಗೊಳಿಸಿ ಹಾಡು ಕಲಿಸುವವನು ಅವನೇ. ಆಟದ ರಾತ್ರಿ ವಾದ್ಯ ನಡೆಸುವವನೂ ಅವನೇ, ಪಾತ್ರಧಾರಿ ದಾರಿ ತಪ್ಪಿದರೆ ಕೆಳಗೆ ಕುಳಿತು ಹಾಡುವವನೂ ಅವನೇ. ಶಾಸ್ತ್ರೀಯ ಸಂಗೀತದ ಪಾಠವಾದವನಾಗಿದ್ದರೆ ಜನ ಅವನನ್ನು ಗವಾಯಿಗಳು ಎಂದು ಕರೆಯುತ್ತಾರೆ.

ಪಾಶ್ಚಾತ್ಯ ಒಪೆರಾದಲ್ಲಿ ಇವು ಮೂರು ಜನರ ಕೆಲಸ. ವಾದ್ಯವೃಂದ ನಡೆಸುವ ಕಂಡಕ್ಟರ್ ಒಬ್ಬ, ಹಾಡುವವರು ಬೇರೆ, ಅವರಿಗೆ ಕಂಠಸಾಧನೆ ಮಾಡಿಸುವ ಗುರು ಮತ್ತೊಬ್ಬ. (ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿ ಕಂಡಕ್ಟರ್ ಎಂದರೆ ಬಸ್ಸಿನಲ್ಲಿ ಟಿಕೆಟ್ ಹರಿಯುವವನು, ಒಪೆರಾದ ಕಂಡಕ್ಟರನನ್ನು ವಿವರಿಸಬೇಕಾದರೆ ಪೇಟಿ ಮಾಸ್ತರನನ್ನು ತೋರಿಸುವುದೇ ಸುಲಭ.) ಆದರೆ ಒಪೆರಾದಲ್ಲಿಯೂ ಮೊದಲು ಹೀಗಿರಲಿಲ್ಲ. ಮೊಂಟೆವೆರ್ಡಿಯ ‘ಓರ್ಫಿಯೋ’ 1607ರಲ್ಲಿ ಇಟಲಿಯ ಮಾಂಟುವಾದಲ್ಲಿ ಪ್ರಯೋಗವಾದ ಮೇಲೆ ಸುಮಾರು ಇನ್ನೂರು ವರ್ಷ, ಒಪೆರಾ ನಡೆಸುವವನು ರಂಗದ ಕೆಳಗೆ ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯದ ಮುಂದೆ ಕುಳಿತು, ಅದನ್ನು ನುಡಿಸುತ್ತಲೇ ಕಣ್ಸನ್ನೆಯಿಂದ ಎಲ್ಲರನ್ನೂ ನಡೆಸುತ್ತಿದ್ದ. ಕೈಯಲ್ಲಿ ಕೋಲು ಹಿಡಿದು ನಿಲ್ಲುವ ಪದ್ಧತಿ ನೆಲೆಗೊಂಡದ್ದು 19ನೇ ಶತಮಾನದಲ್ಲಿ. ನೇಪಲ್ಸಿನ ನಿಕೊಲ ಪೋರ್ಪೊರ (1686–1768) ಒಪೆರಾ ರಚಿಸುತ್ತಿದ್ದ, ಪ್ರಯೋಗಗಳನ್ನು ನಡೆಸುತ್ತಿದ್ದ. ಆದರೆ ಹೆಸರಾಗಿ ಉಳಿದದ್ದು ಫಾರಿನೆಲ್ಲಿಯಂಥ ಗಾಯಕರ ಗುರುವಾಗಿ. ಕೆಲಸ ಹಂಚಿಕೊಳ್ಳುವಷ್ಟು ದುಡ್ಡು ರಾಜರ ಒಪೆರಾ ಮನೆಗಳಿಗೆ ಬಂದಿತು, ನಮ್ಮ ನಾಟಕ ಕಂಪನಿಗಳಿಗೆ ಬರಲಿಲ್ಲ. ಪೇಟಿ ಮಾಸ್ತರನಲ್ಲಿ ಆ ಹಳೆಯ ಏರ್ಪಾಟು ಒಡೆಯದೆ ಉಳಿದಿದೆ.

ಸೀಮೆ

ಇಲ್ಲಿ ಪೇಟಿ ಮಾಸ್ತರನನ್ನು ನೋಡುವುದು ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಸೀಮೆಯಲ್ಲಿ. ಇವು ರಾಯಚೂರು ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗದ ತಾಲ್ಲೂಕುಗಳು. ನಿಜಾಮರ ಆಡಳಿತದಲ್ಲಿ ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲಾ ಕೇಂದ್ರವಾಗಿತ್ತು. ಆಡಳಿತದ ಭಾಷೆ ಉರ್ದು, ಪೂರ್ವದ ಅಂಚಿನಲ್ಲಿ ತೆಲುಗು, ಪಶ್ಚಿಮದಿಂದ ಮರಾಠಿ ನಾಟಕದ ಗಾಳಿ. ಇಲ್ಲಿಯ ಕಿವಿ ಒಂದೇ ಸಂಗೀತಕ್ಕೆ ಕಟ್ಟುಬಿದ್ದದ್ದಲ್ಲ.

ಪೇಟಿ ಬರುವುದಕ್ಕೆ ಬಹಳ ಮೊದಲೇ ಇಲ್ಲಿ ಹಾಡು ಇತ್ತು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಟ್ಟಿಯ ಜಗನ್ನಾಥದಾಸರು ಇವರೆಲ್ಲ ಈ ಜಿಲ್ಲೆಯವರು. ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರೇ. ದಾಸರ ಪದಗಳು ತಂಬೂರಿ ಗೆಜ್ಜೆಗಳೊಡನೆ ಓಣಿ ಓಣಿ ಹಾಯ್ದವು. ತತ್ವಪದಕಾರರ ಏಕತಾರಿ ಮತ್ತು ದಮ್ಮಡಿ ಇನ್ನೊಂದು ದಾರಿ. ಮುದಗಲ್ಲಿನ ಮೊಹರಮ್ಮಿಗೆ ಸೇರುವ ಜನ ಜಾತಿ ಮತ ನೋಡದೆ ರಿವಾಯತ ಪದ ಹಾಡುತ್ತಾರೆ. ರಾತ್ರಿ ಪೂರ್ತಿ ದೊಡ್ಡಾಟ ನೋಡಿದ ಊರು, ಮಾತಿನ ನಡುವೆ ಹಾಡು ಬಂದರೆ ಅದನ್ನು ಕೃತಕವೆಂದು ಎಣಿಸುವುದಿಲ್ಲ. ಹಾಡು ಬಾರದಿದ್ದರೇ ‘ಇದೆಂಥ ನಾಟಕ’ ಎನ್ನುತ್ತದೆ. ಪೇಟಿ ಮಾಸ್ತರನಿಗೆ ಕೆಲಸ ಹುಟ್ಟಿದ್ದು ಈ ನಿರೀಕ್ಷೆಯಿಂದ.

1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತು. ಆಂಧ್ರದಿಂದ ಬಂದ ರೈತರು ಕಾಲುವೆಯುದ್ದಕ್ಕೂ ‘ಕ್ಯಾಂಪು’ಗಳಲ್ಲಿ ನೆಲೆಸಿದರು. ಜೊತೆಗೆ ಬಂದದ್ದು ತೆಲುಗು ಪದ್ಯನಾಟಕದ ರುಚಿ: ಒಂದು ಪದ್ಯವನ್ನು ಆಲಾಪಿಸಿ ಆಲಾಪಿಸಿ, ಕೊನೆಯ ಪಾದಕ್ಕೆ ತಾರಸ್ಥಾಯಿಯಲ್ಲಿ ನಿಲ್ಲಿಸಿ ಚಪ್ಪಾಳೆ ಪಡೆಯುವ ಶೈಲಿ. 1885ರಲ್ಲಿ ಕಡಪಾ ಸೀಮೆಯಲ್ಲಿ ಹುಟ್ಟಿದ ಸುರಭಿ ನಾಟಕ ಸಮಾಜದವರು ತೆಲುಗು ನಾಡಿನಲ್ಲೆಲ್ಲ ಬೆಳೆಸಿದ್ದು ಈ ರುಚಿಯನ್ನೇ. ಗದಗ ಹುಬ್ಬಳ್ಳಿಯ ಕಡೆಯಿಂದ ಬಂದ ಮಾಸ್ತರ ಇಲ್ಲಿ ಒಂದು ರಾತ್ರಿ ಮರಾಠಿ ನಾಟ್ಯಗೀತೆಯ ಮಟ್ಟನ್ನೂ ಮರುರಾತ್ರಿ ತೆಲುಗು ಪದ್ಯವನ್ನೂ ಎತ್ತಿಕೊಡಬೇಕಾಗುತ್ತದೆ.

ಪೇಟಿ ರಂಗಕ್ಕೆ ಬಂದದ್ದು

ಹಾರ್ಮೋನಿಯಂ ಫ್ರೆಂಚ್ ವಾದ್ಯ. ಪ್ಯಾರಿಸಿನ ಅಲೆಕ್ಸಾಂದ್ರ ದೆಬೆನ್ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಪಾದ್ರಿಗಳೊಡನೆ ಭಾರತಕ್ಕೆ ಬಂದ ಅದನ್ನು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿಯೊತ್ತಿ ಇನ್ನೊಂದರಲ್ಲಿ ನುಡಿಸುವಂತೆ ಒಗ್ಗಿಸಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷರು, 19ನೇ ಶತಮಾನದ ಕೊನೆಯ ಭಾಗದಲ್ಲಿ. ಸಾರಂಗಿಯಂತೆ ಶ್ರುತಿಗೂಡಿಸುತ್ತ ಕೂರುವ ಗೋಜಿಲ್ಲ, ಮಳೆ ಬಿಸಿಲಿಗೆ ತಂತಿ ಸಡಿಲುವುದಿಲ್ಲ, ಸಾವಿರ ಜನರ ಗದ್ದಲದಲ್ಲೂ ಕೇಳುತ್ತದೆ. ಊರೂರು ಅಲೆಯುವ ಕಂಪನಿಗೆ ಬೇಕಾದದ್ದು ಇದೇ.

ಕರ್ನಾಟಕದ ಭಾಗವತರಾಟದ ಮೇಳವೊಂದು ಸಾಂಗಲಿಗೆ ಹೋದಾಗ ಅದನ್ನು ನೋಡಿದ ಅರಸರ ಇಚ್ಛೆಯಂತೆ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಗುರುತಿಸುವುದು ಅಲ್ಲಿಂದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅದೇ ವರ್ಷ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಪ್ರಯೋಗಿಸಿ ಸಂಗೀತ ನಾಟಕಕ್ಕೆ ಹೊಸ ರೂಪ ಕೊಟ್ಟರು. ನಮ್ಮಿಂದ ಹೋದದ್ದು ಬೇರೆ ವೇಷದಲ್ಲಿ ನಮ್ಮಲ್ಲಿಗೆ ಮರಳಿತು. ಗದುಗಿನಲ್ಲಿ ಶಾಂತಕವಿಗಳು ಮರಾಠಿ ನಾಟಕದ ಹಾವಳಿಗೆ ಎದುರಾಗಿ ಕನ್ನಡ ನಾಟಕ ಬರೆದು ಆಡಿಸಿದರು. ಮುಂದೆ ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರ ಕಂಪನಿಗಳು ಬಂದವು. ಕಂಪನಿ ಕನ್ನಡದ್ದಾದರೂ ಹಾಡಿನ ಮಟ್ಟು ಮರಾಠಿಯದೇ ಆಗಿರುತ್ತಿತ್ತು. ಹಳೆಯ ನಾಟಕ ಪುಸ್ತಕಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ‘ಮಟ್ಟು’ ಎಂದು ಬರೆದು ಅದು ಯಾವ ಹಾಡಿನ ಧಾಟಿ ಎಂದು ಸೂಚಿಸಿರುತ್ತಾರೆ. ಸ್ವರಲಿಪಿ ಇಲ್ಲ. ಆ ಒಂದು ಸಾಲನ್ನು ಹಾಡಾಗಿ ಮಾಡುವವನು ಮಾಸ್ತರ. ಆ ಮಟ್ಟು ಅವನಿಗೆ ಗೊತ್ತಿದ್ದರೆ ಉಂಟು, ಗೊತ್ತಿಲ್ಲದಿದ್ದರೆ ಹೊಸದೊಂದು ಕಟ್ಟಬೇಕು.

ಮರಾಠಿಯಲ್ಲಿ ಈ ಕೆಲಸಕ್ಕೆ ಹೆಸರೂ ಗೌರವವೂ ಬಂದವು. ಪೇಟಿ ವಾದಕರಾದ ಗೋವಿಂದರಾವ್ ಟೆಂಬೆ 1911ರ ‘ಮಾನಾಪಮಾನ’ಕ್ಕೆ ಸಂಗೀತ ಕೊಟ್ಟು ನಾಟಕಕಾರನಷ್ಟೇ ಪ್ರಸಿದ್ಧರಾದರು. ಗಾಯಕ ನಟ ಬಾಲಗಂಧರ್ವರಿಗೆ ಗುರುವಾಗಿ 1916ರ ‘ಸ್ವಯಂವರ’ದ ಹಾಡುಗಳನ್ನು ಕೂಡಿಸಿದ ಭಾಸ್ಕರಬುವಾ ಬಖಲೆಯವರು ಕೆಲಕಾಲ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿದ್ದರು. ಕನ್ನಡದಲ್ಲಿ ಇದೇ ಕೆಲಸ ಮಾಡಿದವರ ಹೆಸರು ಕರಪತ್ರದ ಕೆಳಗಿನ ಸಣ್ಣ ಅಕ್ಷರವಾಗಿಯೇ ಉಳಿಯಿತು. ಇದು ಅನ್ಯಾಯವೆಂದು ಹೇಳದೆ ಈ ಲೇಖನ ಮುಂದೆ ಹೋಗಲಾರದು.

ಗದುಗಿನ ಪಾಠಶಾಲೆ

ಈ ಸೀಮೆಗೆ ಮಾಸ್ತರರನ್ನು ಕೊಟ್ಟ ಮುಖ್ಯ ನೆಲೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅದರ ಮೂಲಪುರುಷ ಪಂಚಾಕ್ಷರ ಗವಾಯಿಗಳು (1892–1944) ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು, ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಅವರ ಕಂಠ ಗುರುತಿಸಿ ಮೊದಲು ಕರ್ನಾಟಕ ಸಂಗೀತ ಕಲಿಯಲು ಹಚ್ಚಿದರು. ಆಮೇಲೆ ಬಾದಾಮಿ ಬಳಿಯ ಶಿವಯೋಗ ಮಂದಿರಕ್ಕೆ ಮಿರಜಿನ ನೀಲಕಂಠಬುವಾ ಅವರನ್ನು ಕರೆಸಿ ಹಿಂದೂಸ್ತಾನಿ ಪಾಠ ಹೇಳಿಸಿದರು. ಗವಾಯಿಗಳು ಅಂಧ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಸಂಚಾರಿ ಪಾಠಶಾಲೆ ನಡೆಸಿದರು. ಊರಿಂದೂರಿಗೆ ಹೋಗುವುದು, ಭಕ್ತರು ಕೊಟ್ಟದ್ದು ಉಣ್ಣುವುದು, ಪಾಠ ನಡೆಸುವುದು. ಶಿಷ್ಯರ ಹೊಟ್ಟೆಯ ಪ್ರಶ್ನೆ ದೊಡ್ಡದಾದಾಗ ಕಂಡುಕೊಂಡ ಉಪಾಯ ನಾಟಕ ಕಂಪನಿ: ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ. ಮಠದ ಶಿಷ್ಯರು ನಾಟಕವಾಡುವುದು ಆ ಕಾಲಕ್ಕೆ ಸಣ್ಣ ಧೈರ್ಯದ ಮಾತಲ್ಲ.

ಆ ಕಂಪನಿಯ ಸಂಗೀತವನ್ನು ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು (1914–2010). ಒಪೆರಾ ನಡೆಸುವವನು, ಗಾಯಕ, ಕಂಠಗುರು ಮೂವರೂ ಒಬ್ಬರಲ್ಲಿ ಕೂಡಿದ ನಿದರ್ಶನ ಕನ್ನಡದಲ್ಲಿ ಬೇಕೆಂದರೆ ಮೊದಲು ಹೇಳಬೇಕಾದ ಹೆಸರು ಅವರದು. ಕೂಸಾಗಿದ್ದಾಗಲೇ ದೃಷ್ಟಿ ಹೋದ ಅವರು ಪೇಟಿ, ತಬಲಾ, ಸಾರಂಗಿ, ಪಿಟೀಲುಗಳನ್ನು ನುಡಿಸಬಲ್ಲವರಾಗಿದ್ದರು. ಹಿಂದೂಸ್ತಾನಿ ಮತ್ತು ಕರ್ನಾಟಕ ಎರಡೂ ಪದ್ಧತಿ ಬಲ್ಲವರು. ನಾಟಕವನ್ನೂ ತಾವೇ ಬರೆದು, ಹಾಡು ಕಟ್ಟಿ, ಹುಡುಗರ ಬಾಯಿಗೆ ಕೂಡಿಸಿ, ಆಟದ ಹೊತ್ತಿಗೆ ಪೇಟಿಯ ಮುಂದೆ ಕೂರುತ್ತಿದ್ದರು. ಪಾತ್ರಧಾರಿಯ ಮುಖ ನೋಡಿ ಸನ್ನೆ ಮಾಡಲಾಗದ ನಿರ್ದೇಶಕ ಉಸಿರು ಕೇಳಿಯೇ ಹಾಡಿನ ಎತ್ತುಗಡೆ ಹಿಡಿಯಬೇಕು. ಅವರಿಗೆ 2010ರಲ್ಲಿ ಪದ್ಮಭೂಷಣ ಬಂತು; ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು.

ಆಶ್ರಮದಲ್ಲಿ ಕಲಿತವರೆಲ್ಲ ಬಸವರಾಜ ರಾಜಗುರುಗಳಂತೆ ಕಛೇರಿಯ ಗಾಯಕರಾಗಲಿಲ್ಲ. ಹೆಚ್ಚಿನವರು ಕಂಪನಿಗಳಿಗೆ, ಮಠಗಳಿಗೆ, ಶಾಲೆಗಳಿಗೆ, ಹಳ್ಳಿಯ ನಾಟಕಗಳಿಗೆ ಹೋದರು. ಲಿಂಗಸುಗೂರು ಸೀಮೆಯ ಹಳ್ಳಿಯಲ್ಲಿ ಕಣ್ಣಿಲ್ಲದ ಗವಾಯಿಯೊಬ್ಬ ಶಿಷ್ಯನ ಭುಜ ಹಿಡಿದು ಬಸ್ಸಿಳಿದರೆ ಯಾರೂ ‘ಎಲ್ಲಿಯವರು’ ಎಂದು ಕೇಳುತ್ತಿರಲಿಲ್ಲ. ಗದಗದವರೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ರಾಯಚೂರು ಜಿಲ್ಲೆಯ ದೊಡ್ಡ ಗಾಯಕ ಸಿದ್ಧರಾಮ ಜಂಬಲದಿನ್ನಿಯವರೂ ಪಂಚಾಕ್ಷರ ಗವಾಯಿಗಳ ಪರಂಪರೆಯವರು. ವಚನ ಗಾಯನಕ್ಕೆ ಅವರದು ದೊಡ್ಡ ಹೆಸರು. ಕ್ಲಾರಿಯೊನೆಟ್ ವಾದಕ ನರಸಿಂಹಲು ವಡವಾಟಿಯವರು ಅವರ ಶಿಷ್ಯರು. ಜಿಲ್ಲಾ ಕೇಂದ್ರದ ರಂಗಮಂದಿರಕ್ಕೆ ಇಟ್ಟಿರುವುದು ಜಂಬಲದಿನ್ನಿಯವರ ಹೆಸರನ್ನೇ. ಗಾಯಕನ ಹೆಸರಿನ ಕಟ್ಟಡದಲ್ಲಿ ನಾಟಕವಾಡುವುದು ಈ ಸೀಮೆಗೆ ಒಪ್ಪುವ ಮಾತು.

ಕಂಪನಿಯಿಂದ ಶಾಸ್ತ್ರೀಯ ಸಂಗೀತಕ್ಕೆ ಹೋದವರೂ ಇದ್ದಾರೆ. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿ ನಾಟಕದಲ್ಲಿ ಹಾಡುತ್ತಿದ್ದಾಗ ಅದನ್ನು ಕೇಳಿದ ನೀಲಕಂಠಬುವಾ ಅವರನ್ನು ಶಿಷ್ಯನಾಗಿ ಕರೆದುಕೊಂಡರು. ಆ ದಿನಗಳ ಕಥೆ ‘ನನ್ನ ರಸಯಾತ್ರೆ’ಯಲ್ಲಿದೆ. ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿದ್ದವರು. ಬೀಳಗಿಯ ಅಮೀರಬಾಯಿ ಮತ್ತು ಗೋಹರಬಾಯಿ ಸೋದರಿಯರು ರಂಗದಿಂದ ಮುಂಬಯಿಯ ಸಿನಿಮಾಕ್ಕೂ ಮರಾಠಿ ರಂಗಕ್ಕೂ ಹೋಗಿ ‘ಕರ್ನಾಟಕಿ’ ಎಂಬ ಹೆಸರನ್ನು ಅಲ್ಲಿ ನಿಲ್ಲಿಸಿದರು.

ತಾಲೀಮು

ಹಳ್ಳಿಯ ನಾಟಕದಲ್ಲಿ ಮಾಸ್ತರನ ಕೆಲಸ ನೋಡಿದರೇ ಅವನ ಹಿರಿಮೆ ತಿಳಿಯುವುದು. ಕಂಪನಿಯಲ್ಲಿ ನಟರು ಕಸುಬುದಾರರು, ಹಳ್ಳಿಯಲ್ಲಿ ಹಾಗಲ್ಲ. ಒಕ್ಕಲಿಗ, ಕಿರಾಣಿ ಅಂಗಡಿಯವನು, ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸ ಮಾಡುವವನು, ಪ್ರಾಥಮಿಕ ಶಾಲೆಯ ಮೇಷ್ಟ್ರು ಇಂಥವರು ದುರ್ಯೋಧನ, ಶಕುನಿ, ಅಶ್ವತ್ಥಾಮರಾಗಬೇಕು. ಆಡುವ ನಾಟಕ ಬಹುತೇಕ ಪಕ್ಕದ ಹುನಗುಂದ ಸೀಮೆಯವರದು. ಕಂದಗಲ್ಲ ಹನುಮಂತರಾಯರ (1896–1966) ‘ರಕ್ತರಾತ್ರಿ’, ‘ಕುರುಕ್ಷೇತ್ರ’ ಪೌರಾಣಿಕಕ್ಕೆ, ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಮಲಮಗಳು’, ‘ಸಂಪತ್ತಿಗೆ ಸವಾಲ್’ ಸಾಮಾಜಿಕಕ್ಕೆ. ಸ್ತ್ರೀಪಾತ್ರಕ್ಕೆ ಗದಗ, ಹುಬ್ಬಳ್ಳಿ ಕಡೆಯ ವೃತ್ತಿನಟಿಯರು ಆಟದ ದಿನವೋ ಹಿಂದಿನ ದಿನವೋ ಬರುತ್ತಾರೆ. ಅವರಿಗೂ ಊರಿನ ಹುಡುಗರಿಗೂ ಹಾಡು ಕೂಡಿಸುವುದಕ್ಕೆ ಸಿಗುವುದು ಒಂದೋ ಎರಡೋ ತಾಸು.

ತಾಲೀಮು ನಡೆಯುವುದು ಹನುಮಪ್ಪನ ಗುಡಿಯಲ್ಲಿ, ಶಾಲೆಯ ಕೋಣೆಯಲ್ಲಿ, ಇಲ್ಲವೇ ಯಾರದೋ ಖಾಲಿ ಅಡ್ಡೆಯಲ್ಲಿ, ರಾತ್ರಿ ಊಟವಾದ ಮೇಲೆ. ಮೊದಲ ದಿನ ಪಾತ್ರದ ಹಂಚಿಕೆ. ಖರ್ಚಿನ ದುಡ್ಡು ಹೆಚ್ಚು ಹಾಕುವವನಿಗೆ ದೊಡ್ಡ ಪಾತ್ರ ಬೇಕು. ಅವನಿಗೆ ಹಾಡು ಬರುವುದಿಲ್ಲ. ಹಾಡು ಬರುವವನು ಬಡವ. ಈ ಗಂಟನ್ನು ಮಾಸ್ತರ ಬಿಡಿಸುವ ರೀತಿ ಸಂಗೀತಕ್ಕಿಂತ ರಾಜಕಾರಣಕ್ಕೆ ಹತ್ತಿರ: ದೊಡ್ಡ ಪಾತ್ರದ ಹಾಡುಗಳನ್ನು ಕಡಿಮೆ ಮಾಡಿ, ಸಣ್ಣ ಪಾತ್ರವೊಂದಕ್ಕೆ ಒಂದು ಒಳ್ಳೆಯ ಪದ ಕಟ್ಟಿಕೊಟ್ಟು ಇಬ್ಬರನ್ನೂ ಸಮಾಧಾನಪಡಿಸುತ್ತಾನೆ.

ಆಮೇಲೆ ಶ್ರುತಿಯ ಹುಡುಕಾಟ. ಪೇಟಿಯ ಪಟ್ಟಿಗಳಿಗೆ ಕಪ್ಪು ಬಿಳುಪಿನ ಎಣಿಕೆಯ ಹೆಸರು. ಕಾಳಿ ಒಂದು, ಕಾಳಿ ಎರಡು ಎಂದರೆ ಷಡ್ಜ ಎಲ್ಲಿ ಎಂದು ಅರ್ಥ. ಒಬ್ಬೊಬ್ಬನನ್ನೂ ಹತ್ತಿರ ಕೂರಿಸಿ ಗೊತ್ತಿರುವ ಭಜನೆಯ ಸಾಲೊಂದನ್ನು ಹಾಡಿಸಿ ಅವನ ಗಂಟಲು ಎಲ್ಲಿ ಸಲೀಸಾಗಿ ನಿಲ್ಲುತ್ತದೆ, ಎಲ್ಲಿ ಒಡೆಯುತ್ತದೆ ಎಂದು ನೋಡುತ್ತಾನೆ. ಹತ್ತು ಪಾತ್ರಕ್ಕೆ ಹತ್ತು ಶ್ರುತಿ ಬಂದರೆ ಆಟದಲ್ಲಿ ಪೇಟಿ ಬಾರಿಸುವವನ ಬೆರಳೂ ತಬಲಾದವನ ಸುತ್ತಿಗೆಯೂ ಓಡಾಡಿ ಸಾಯಬೇಕು. ಆದ್ದರಿಂದ ಎಲ್ಲರನ್ನೂ ಎರಡು ಮೂರು ಷಡ್ಜಗಳೊಳಗೆ ತರುವುದು ಜಾಣತನ. ಮೈಕು ಇಲ್ಲದ ಕಾಲದಲ್ಲಿ ಎಲ್ಲರೂ ಎತ್ತರದ ಶ್ರುತಿಯಲ್ಲಿ ಹಾಡಬೇಕಾಗಿತ್ತು. ತಗ್ಗಿನ ದನಿ ಎರಡನೆಯ ಸಾಲು ದಾಟುತ್ತಿರಲಿಲ್ಲ. ಹಳೆಯ ಗ್ರಾಮೊಫೋನ್ ತಟ್ಟೆಗಳಲ್ಲಿ ರಂಗಗೀತೆ ಕೇಳಿದವರಿಗೆ ಗಂಡಸರು ಇಷ್ಟು ಏರುದನಿಯಲ್ಲಿ ಹಾಡುತ್ತಾರಲ್ಲ ಎಂದು ಅಚ್ಚರಿಯಾಗುವುದಕ್ಕೆ ಕಾರಣ ಇದು. ಒಪೆರಾದಲ್ಲಿಯೂ ಮೈಕಿಲ್ಲ. ಅಲ್ಲಿಯ ಗುರುಗಳು ಎದೆ, ಗಂಟಲು, ತಲೆಬುರುಡೆಗಳ ಅನುರಣನ ಕೂಡಿಸಿ ವಾದ್ಯವೃಂದವನ್ನು ಮೀರುವ ದನಿ ತೆಗೆಯಲು ಕಲಿಸಿದರು. ನಮ್ಮವರು ಶ್ರುತಿ ಏರಿಸಿ ತೊಂದರೆ ನೀಗಿಕೊಂಡರು. ನಮ್ಮ ದಾರಿ ಸುಲಭ, ಗಂಟಲಿಗೆ ಮಾತ್ರ ಕಷ್ಟ.

ಆ ಕಷ್ಟಕ್ಕೆ ಮಾಸ್ತರನ ಔಷಧಿಗಳಿವೆ. ಬೆಳಗಿನ ಜಾವ ಮಂದ್ರದ ಷಡ್ಜ ಹಿಡಿದು ನಿಲ್ಲುವ ಖರಜ ಸಾಧನೆ, ಸಾರೆಗಮದ ಪಲಟಾ, ಬಾಯಲ್ಲಿ ಕಲ್ಲುಸಕ್ಕರೆಯೋ ಜ್ಯೇಷ್ಠಮಧುವೋ, ಆಟದ ವಾರ ಹುಳಿ ಮತ್ತು ತಣ್ಣೀರಿನ ವರ್ಜ್ಯ. ಗಣಿಯ ಧೂಳು ಕುಡಿದು ಬಂದವನಿಗೆ, ದಿನವಿಡೀ ಹೊಲದಲ್ಲಿ ಎತ್ತು ಗದರಿ ಬಂದವನಿಗೆ ಬೆಳಗಿನ ಸಾಧನೆ ಹೇಳಿದರೆ ನಡೆಯುವ ಮಾತಲ್ಲ. ಅಂಥವನಿಗೆ ಮಾಸ್ತರ ಹಾಡನ್ನೇ ಬದಲಿಸುತ್ತಾನೆ. ತಾರದ ಪಂಚಮಕ್ಕೆ ಹೋಗುವ ಸಾಲನ್ನು ಗಾಂಧಾರಕ್ಕೆ ಇಳಿಸುತ್ತಾನೆ, ತಾನ್ ಬರುವೆಡೆ ಮಾತು ಹಾಕಿಸುತ್ತಾನೆ, ಉಸಿರು ಮುಗಿಯುವಲ್ಲಿ ಪೇಟಿಯ ಒಂದು ತುಣುಕು ಸೇರಿಸುತ್ತಾನೆ. ಹಾಡಿಗೆ ಗಂಟಲು ಹೊಂದಿಸುವ ಬದಲು ಗಂಟಲಿಗೆ ಹಾಡು ಹೊಂದಿಸುವುದು ಈ ಪಾಠದ ಗುಟ್ಟು. ಶಾಸ್ತ್ರ ಕಲಿತ ಗುರು ಇದಕ್ಕೆ ಮೂಗು ಮುರಿದಾನು. ಆದರೆ ಮೂವತ್ತು ದಿನದಲ್ಲಿ ಹಾಡಲು ಬಾರದವನನ್ನು ಊರ ಮುಂದೆ ಹಾಡಿಸುವ ಹೊಣೆ ಶಾಸ್ತ್ರಜ್ಞನ ಮೇಲೆ ಇರುವುದಿಲ್ಲ.

ರಾಗಗಳ ಆಯ್ಕೆಗೆ ಒಂದು ವಾಡಿಕೆ ಇದೆ. ನಾಂದಿಗೆ ಯಮನ್ ಅಥವಾ ಭೂಪ್, ಶೃಂಗಾರಕ್ಕೆ ಬಿಹಾಗ್, ಪೀಲು, ಮಾಂಡ್, ಸಿಟ್ಟಿಗೆ ಅಡಾಣಾ ಅಥವಾ ಶಂಕರಾ, ದುಃಖಕ್ಕೆ ಜೋಗಿಯಾ, ಎಲ್ಲಕ್ಕೂ ಒದಗುವ ಭೀಮಪಲಾಸ್, ಕೊನೆಗೆ ಭೈರವಿ. ತಾಳದಲ್ಲಿ ತ್ರಿತಾಲ, ದಾದರಾ, ಕೇರವಾ ಮೂರರಲ್ಲೇ ಮುಕ್ಕಾಲು ನಾಟಕ ಮುಗಿಯುತ್ತದೆ. ರಾಗದ ಹೆಸರನ್ನು ಮಾಸ್ತರ ಪಾತ್ರಧಾರಿಗೆ ಹೇಳುವುದಿಲ್ಲ, ಹೇಳಿದರೆ ಹೆದರುತ್ತಾನೆ.

ಆಟದ ರಾತ್ರಿ

ಮಾಸ್ತರನ ಜಾಗ ರಂಗದ ಮುಂದೆ, ಪ್ರೇಕ್ಷಕರಿಗೆ ಬೆನ್ನು, ಪಾತ್ರಧಾರಿಗೆ ಮುಖ. ಎಡಕ್ಕೋ ಬಲಕ್ಕೋ ತಬಲಾದವನು, ದೊಡ್ಡ ಕಂಪನಿಯಾದರೆ ಕ್ಲಾರಿಯೊನೆಟ್ಟು. ಪರದೆಯ ಸೀಟಿ ಊದುವ ಮೊದಲು ಅವನು ಪೇಟಿಯ ಮೇಲೆ ಒಂದು ಗತ್ತು ಬಾರಿಸಿದರೆ ಜನ ಜಮಖಾನೆ ಹಾಸಿಕೊಂಡು ಕುಳಿತುಕೊಳ್ಳುತ್ತಾರೆ.

ನಡೆಸುವ ಕೆಲಸದ ಜೀವ ಇರುವುದು ‘ಎತ್ತಿಕೊಡುವುದರಲ್ಲಿ’. ಪಾತ್ರಧಾರಿಯ ಮಾತಿನ ಕೊನೆಯ ಶಬ್ದ ಮುಗಿಯುವುದಕ್ಕೂ ಹಾಡಿನ ಮೊದಲ ಸ್ವರಕ್ಕೂ ನಡುವೆ ಸಂದು ಬೀಳಬಾರದು. ಬಿದ್ದರೆ ಭಾವ ಸೋರಿಹೋಗುತ್ತದೆ. ಆದ್ದರಿಂದ ಮಾಸ್ತರನಿಗೆ ಎಲ್ಲ ಪಾತ್ರಗಳ ಮಾತೂ ಬಾಯಿಪಾಠವಾಗಿರಬೇಕು. ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವವನು ಬೇರೆ ಇರುತ್ತಾನೆ, ಆದರೆ ಅವನು ಪುಟ ತಿರುವುವುದರೊಳಗೆ 4 ಸಾಲು ಹಾರಿಸಿ ಬಂದ ಪಾತ್ರಧಾರಿಯನ್ನು ಹಾಡಿನ ಬಾಗಿಲಲ್ಲಿ ಹಿಡಿಯುವವನು ಮಾಸ್ತರನೇ. ಶ್ರುತಿ ಬಿಟ್ಟು ಎತ್ತಿಕೊಂಡವನಿದ್ದರೆ ಒಂದೇ ಸಾಲಿನೊಳಗೆ ಪೇಟಿಯ ಷಡ್ಜವನ್ನು ಅವನಿರುವಲ್ಲಿಗೆ ಸರಿಸಬೇಕು. ಜನಕ್ಕೆ ತಿಳಿಯಬಾರದು. ದನಿ ಪೂರ್ತಿ ಕೈಕೊಟ್ಟರೆ ಕೆಳಗಿನಿಂದ ತಾನೇ ಹಾಡಿ, ಮೇಲಿನವನು ತುಟಿಯಾಡಿಸುವಂತೆ ಮಾಡಬೇಕು. ಸಿನಿಮಾದವರು ಇದಕ್ಕೆ ಪ್ಲೇಬ್ಯಾಕ್ ಎಂದು ಹೆಸರಿಡುವ ಮೊದಲೇ ಇದು ರೂಢಿಯಲ್ಲಿತ್ತು.

ಹಾಡು ಹಿಡಿಸಿದರೆ ‘ಒನ್ಸ್ ಮೋರ್’. ರಾಜನ ಮರಣದ ಹಾಡಿಗೂ ಒನ್ಸ್ ಮೋರ್ ಬಂದು, ಸತ್ತವನು ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುವುದು ಹಳೆಯ ಕಂಪನಿಗಳ ಎಲ್ಲರೂ ಬಲ್ಲ ತಮಾಷೆ. ಇಟಲಿಯ ಒಪೆರಾ ಪ್ರೇಕ್ಷಕರೂ ಇದಕ್ಕೆ ಕಡಿಮೆಯಿಲ್ಲ. ಹಳ್ಳಿಯಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಆಯೇರಿ. ನಾಟಕ ರಂಗೇರಿದಾಗ ಮಾವನೋ ಗೆಳೆಯನೋ ಉಂಗುರ, ಟವೆಲು, ನೂರರ ನೋಟು ಹಿಡಿದು ವೇದಿಕೆ ಏರುತ್ತಾನೆ. ಮೈಕಿನಲ್ಲಿ ಹೆಸರು ಕೂಗಬೇಕು. ದ್ರೌಪದಿ ಮುಡಿ ಬಿಚ್ಚಿ ನಿಂತಿರುವಾಗ ಐದು ನಿಮಿಷ ಇದು ನಡೆದರೆ, ಮತ್ತೆ ರಸವನ್ನು ಮೊದಲಿದ್ದಲ್ಲಿಗೆ ತರುವುದು ಪೇಟಿಯ ಕೆಲಸ. ಒಳ್ಳೆಯ ಮಾಸ್ತರ ಆಯೇರಿಯ ಉದ್ದಕ್ಕೂ ಅದೇ ರಾಗವನ್ನು ಸಣ್ಣಗೆ ಉಸಿರಾಡಿಸುತ್ತಿರುತ್ತಾನೆ. ಪಾಶ್ಚಾತ್ಯ ಕಂಡಕ್ಟರನ ತರಬೇತಿಯಲ್ಲಿ ಈ ಪಾಠ ಇರಲಾರದು.

ಬದುಕು

ಬನದ ಹುಣ್ಣಿಮೆಯಿಂದ ಕಾರ ಹುಣ್ಣಿಮೆಯವರೆಗೆ ದುಡಿಮೆಯ ಕಾಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಹತ್ತಾರು ಕಂಪನಿಗಳು ತಗಡಿನ ಥೇಟರು ಹಾಕಿ ತಿಂಗಳಗಟ್ಟಲೆ ಮೊಕ್ಕಾಂ ಹೂಡುತ್ತವೆ. ಸಿಂಧನೂರು ತಾಲ್ಲೂಕಿನ ಸಿದ್ಧಪರ್ವತದ ಅಂಬಾಮಠದ ಜಾತ್ರೆಯೂ ಅದೇ ಹುಣ್ಣಿಮೆಗೆ. ಗುರುಗುಂಟಾದ ಅಮರೇಶ್ವರ, ಮಸ್ಕಿಯ ಬೆಟ್ಟದ ಮಲ್ಲಿಕಾರ್ಜುನ ಮತ್ತು ಊರೂರ ಹನುಮಪ್ಪ, ಬಸವಣ್ಣ, ದ್ಯಾಮವ್ವರ ಜಾತ್ರೆಗಳಿಗೆ ಹಳ್ಳಿಯ ನಾಟಕ. ಒಬ್ಬ ಮಾಸ್ತರ ಒಂದೇ ಹಂಗಾಮಿನಲ್ಲಿ ಎರಡು ಮೂರು ಊರು ಹಿಡಿದು, ಸೋಮವಾರ ಒಂದು ತಾಲೀಮು, ಮಂಗಳವಾರ ಇನ್ನೊಂದು ಎಂದು ಓಡಾಡುತ್ತಾನೆ. ಸಂಬಳ ಮಾತಾಡಿಕೊಂಡದ್ದು, ಅರ್ಧ ಮೊದಲು, ಅರ್ಧ ಆಟದ ರಾತ್ರಿ. ಆ ಎರಡನೆಯ ಅರ್ಧ ಕೈಗೆ ಬರುವ ಮೊದಲು ಪರದೆ ಏಳಬಾರದೆಂಬುದು ಅನುಭವಸ್ಥರ ನಿಯಮ. ಮಳೆಗಾಲದಲ್ಲಿ ಪುರಾಣ ಪ್ರವಚನಕ್ಕೆ ಪೇಟಿ, ಶ್ರಾವಣದ ಭಜನೆ, ಮಕ್ಕಳಿಗೆ ಮನೆಪಾಠ.

ಪೇಟಿಗೇ ಬಂದ ಒಂದು ಅವಮಾನವನ್ನೂ ಇಲ್ಲಿ ನೆನೆಯಬೇಕು. 1940ರ ಮಾರ್ಚಿನಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಸಮಪ್ರಮಾಣದ ಹನ್ನೆರಡು ಸ್ವರಗಳಲ್ಲಿ ಭಾರತೀಯ ಶ್ರುತಿಸೂಕ್ಷ್ಮ ನಿಲ್ಲದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು ಎಂಬುದು ಆಕ್ಷೇಪ. ಅದನ್ನು ಎತ್ತಿದವರಲ್ಲಿ ಬಾನುಲಿಯಲ್ಲಿದ್ದ ಇಂಗ್ಲಿಷ್ ಸಂಗೀತಗಾರ ಜಾನ್ ಫೋಲ್ಡ್ಸ್ ಪ್ರಮುಖ. ಸಂಗೀತದ ಲೆಕ್ಕದಲ್ಲಿ ಆಕ್ಷೇಪ ಸುಳ್ಳಲ್ಲ. ಆದರೆ 1971ರಲ್ಲಿ ನಿಷೇಧ ಸಡಿಲುವವರೆಗಿನ ಮೂರು ದಶಕ, ಕನ್ನಡ ನಾಡಿನ ಹಳ್ಳಿಗೆ ಸಂಗೀತ ಕಲಿಸಿದ ವಾದ್ಯಕ್ಕೆ ಸರಕಾರದ ರೇಡಿಯೊದಲ್ಲಿ ಜಾಗವಿರಲಿಲ್ಲ. ನಿಷೇಧದ ಸುದ್ದಿ ಹಳ್ಳಿಯ ತಾಲೀಮಿಗೆ ಮುಟ್ಟಿದ ಹಾಗೂ ಕಾಣುವುದಿಲ್ಲ.

ಸಿನಿಮಾ ಕೊಟ್ಟದ್ದೂ ಕಿತ್ತದ್ದೂ ಹೆಚ್ಚು. 1934ರ ‘ಸತಿ ಸುಲೋಚನಾ’ದ ಸಂಗೀತದಲ್ಲಿ ರಂಗಭೂಮಿಯ ಆರ್. ನಾಗೇಂದ್ರರಾಯರ ಕೈಯಿತ್ತು, ಮೊದಲ ಮಾತಿನ ಚಿತ್ರಗಳ ಹಾಡೆಂದರೆ ಕಂಪನಿಯ ಹಾಡೇ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಯಿತು. ಅದರಲ್ಲಿ ಎಮ್ಮೆಯ ಮೇಲೆ ಕುಳಿತು ರಾಜಕುಮಾರ್ ಹಾಡಿದ ಹಾಡು ಅವರನ್ನು ಜನಪ್ರಿಯ ಗಾಯಕರನ್ನಾಗಿ ಮಾಡಿತು. ಆ ಕಂಠ ಗುಬ್ಬಿ ಕಂಪನಿಯಲ್ಲಿ ಹದವಾದದ್ದು. ಕಂಪನಿಯಿಂದ ಸಿನಿಮಾಕ್ಕೆ ಹೋದ ಹಾಡು ಆಮೇಲೆ ಸಿನಿಮಾದಿಂದ ನಾಟಕಕ್ಕೆ ಮರಳತೊಡಗಿತು: ‘ಮಟ್ಟು’ ಎಂದಿದ್ದ ಜಾಗದಲ್ಲಿ ಚಿತ್ರಗೀತೆಯ ಹೆಸರು ಬಂತು. ಮಾಸ್ತರ ಹೊಸ ಮಟ್ಟು ಕಟ್ಟುವುದನ್ನು ನಿಲ್ಲಿಸಿದ್ದು ಆಗ.

ಇದರ ನಡುವೆಯೂ ಹಾಡನ್ನೇ ನೆಚ್ಚಿ ನಿಂತವರಿದ್ದರು. ಏಣಗಿ ಬಾಳಪ್ಪನವರು (1914–2017) ಕಲಾವೈಭವ ನಾಟ್ಯ ಸಂಘದಲ್ಲಿ ಮಾಲೀಕ, ನಟ, ಗಾಯಕ ಮೂರೂ ಆಗಿದ್ದು, ನೂರು ದಾಟಿದ ವಯಸ್ಸಿನಲ್ಲಿಯೂ ಪೇಟಿಯ ಸ್ವರ ಸಿಕ್ಕರೆ ರಂಗಗೀತೆ ಎತ್ತುತ್ತಿದ್ದರು. ದಕ್ಷಿಣದಲ್ಲಿ ಬಾಲನಟನಾಗಿ ಬಂದ ಆರ್. ಪರಮಶಿವನ್ ಹಳೆಯ ಮೈಸೂರಿನ ಕಂಪನಿಗಳ ಹಾಡುಗಳನ್ನು ನೆನಪಿನಿಂದ ತೆಗೆದು ಹೊಸಬರಿಗೆ ಕಲಿಸಿದರು. ಗುಬ್ಬಿ ಕಂಪನಿಗೆ ಹುಡುಗನಾಗಿ ಸೇರಿದ್ದ ಬಿ.ವಿ. ಕಾರಂತರು (1929–2002) ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ಪ್ರಯೋಗಗಳಲ್ಲಿ ಪೇಟಿ ಮಾಸ್ತರನನ್ನು ಆಧುನಿಕ ನಿರ್ದೇಶಕನ ರೂಪದಲ್ಲಿ ಮರಳಿ ತಂದರು. ಆಧುನಿಕ ರಂಗಭೂಮಿ ಅದನ್ನು ಹೊಸ ಶೋಧವೆಂದು ಕೊಂಡಾಡಿತು. ಹಾಡಿನಿಂದ ನಾಟಕ ನಡೆಸುವ ಆ ವಿದ್ಯೆಯನ್ನು ಹಳ್ಳಿಯ ಮಾಸ್ತರರು ಎಂದೂ ಬಿಟ್ಟಿರಲಿಲ್ಲ.

ಈಗ ಜಾತ್ರೆಯ ಕರಪತ್ರದಲ್ಲಿ ‘ಸಂಗೀತ’ ಎಂದಿರುವಲ್ಲಿ ಪೇಟಿಯ ಜೊತೆ ಕ್ಯಾಸಿಯೊ ಮತ್ತು ರಿದಂ ಪ್ಯಾಡ್ ಇರುತ್ತವೆ. ಎಷ್ಟೋ ಕಡೆ ಪೇಟಿಯೇ ಇರುವುದಿಲ್ಲ. ಕ್ಯಾಸಿಯೊದಲ್ಲಿ ಗುಂಡಿಯೊತ್ತಿದರೆ ಶ್ರುತಿ ಬದಲಾಗುತ್ತದೆ, ಮಳೆ ಗುಡುಗು ಕುದುರೆ ಓಟ ಎಲ್ಲ ಸಿಗುತ್ತವೆ. ನಡುನಡುವೆ ಮೊಬೈಲಿನ ಟ್ರ್ಯಾಕ್ ಹಾಕಿ ಡ್ಯಾನ್ಸು. ಟ್ರ್ಯಾಕು ಪಾತ್ರಧಾರಿಗಾಗಿ ಕಾಯುವುದಿಲ್ಲ. ಅವನೇ ಅದರ ಹಿಂದೆ ಓಡಬೇಕು. ಆದರೂ ‘ರಕ್ತರಾತ್ರಿ’ ಆಡುವ ಊರುಗಳು ಈಗಲೂ ಪೇಟಿಯ ಮಾಸ್ತರನನ್ನೇ ಹುಡುಕುತ್ತವೆ. ಕಂದಗಲ್ಲರ ಉದ್ದ ಮಾತು ಎಲ್ಲಿ ಮುಗಿಯುತ್ತದೆ, ಹಾಡು ಎಲ್ಲಿ ಏಳುತ್ತದೆ ಎಂಬುದು ಬೆರಳಲ್ಲಿ ಇರುವವನು ಬೇಕು. ಅಂಥವನು ಒಪ್ಪಿದ ದಿನ ನೋಡಿಯೇ ನಾಟಕದ ತಾರೀಖು ಗೊತ್ತುಮಾಡಿ ಕರಪತ್ರ ಅಚ್ಚಿಗೆ ಕೊಡುತ್ತಾರೆ.